ಒಂದೇ ಹಿಡಿಯಲ್ಲಿ ಎರಡು ಗಾಂಧಾರ

ಕಿರುಬೆರಳು ಎತ್ತಿದರೆ ಅದು ಊರಿಗೆಲ್ಲ ಸೇರಿದ ಕಾರ್ಡ್. ಇಟ್ಟರೆ ಜಿಮಿ ಹೆಂಡ್ರಿಕ್ಸ್‌ನದು.

ಇದನ್ನು ನನಗೆ ತೋರಿಸಿದವನು ಅಕ್ಕನ ಮಗ. ಎರಡನೇ ಪಿಯುಸಿ ಮುಗಿಸಿ ರಜಕ್ಕೆಂದು ಮೈಸೂರಿಗೆ ಬಂದಿದ್ದ. ಬಟ್ಟೆಬರೆಯೆಲ್ಲ ಒಂದು ಸಣ್ಣ ಚೀಲದಲ್ಲಿ ತುರುಕಿದ್ದ. ಗಿಟಾರಿಗೆ ಮಾತ್ರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಟ್ಟಿದ್ದನಂತೆ. ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಟಿಫಿನ್ ಡಬ್ಬಿಯಷ್ಟು ದೊಡ್ಡ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ, "ಮಾಮ, ಇಲ್ಲಿ ನೋಡು" ಎಂದು ಎಡಗೈಯನ್ನು ನನ್ನ ಮೂಗಿನ ತನಕ ತಂದ. ಬೆರಳ ತುದಿಗಳಲ್ಲಿ ತಂತಿ ಕೊರೆದ ಗೀರುಗಳು ಇನ್ನೂ ಹಸಿಯಾಗಿದ್ದವು.

ಐದನೇ ತಂತಿಯ ಏಳನೇ ಫ್ರೆಟ್ಟಿನಲ್ಲಿ ನಡುಬೆರಳು. ನಾಲ್ಕನೇ ತಂತಿಯ ಆರರಲ್ಲಿ ತೋರುಬೆರಳು. ಮೂರನೆಯದರ ಏಳರಲ್ಲಿ ಉಂಗುರಬೆರಳು. ಮೂರನ್ನೂ ಮೀಟಿದ. ಕೇಳಿದ ಸದ್ದೇ, ಎಷ್ಟೋ ಹಾಡುಗಳಲ್ಲಿ ಬಂದು ಹೋಗುವಂಥದ್ದು. ಆಮೇಲೆ ಎರಡನೇ ತಂತಿಯ ಎಂಟನೇ ಫ್ರೆಟ್ಟಿನ ಮೇಲೆ ಕಿರುಬೆರಳು ಇಟ್ಟು ಮತ್ತೆ ಮೀಟಿದ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಏನೋ ಅದು?"

"ಹೆಂಡ್ರಿಕ್ಸ್ ಕಾರ್ಡ್, ಅಜ್ಜಿ."

"ಯಾವ ಕಾರ್ಡೋ? ರೇಷನ್ ಕಾರ್ಡಾ?" ಎಂದಳಾದರೂ ಒಳಗೆ ಹೋಗಲಿಲ್ಲ. ಅಮ್ಮ ನಲವತ್ತು ವರ್ಷ ವೀಣೆ ಪಾಠ ಹೇಳಿದವಳು. ಬಾಗಿಲಿಗೆ ಒರಗಿ ನಿಂತು, "ಒಂದೊಂದೇ ತಂತಿ ಮೀಟು" ಅಂದಳು. ಅವನು ಮೀಟುತ್ತ ಹೋದ ಹಾಗೆ ಅವಳ ಬಾಯಲ್ಲಿ ಸ್ವರ ಬಂತು. ಷಡ್ಜ. ಅಂತರ ಗಾಂಧಾರ. ಕೈಶಿಕಿ ನಿಷಾದ. ನಾಲ್ಕನೆಯದಕ್ಕೆ ಬಂದಾಗ ಬಾಯಿ ತೆರೆದವಳು ಹಾಗೇ ನಿಂತಳು. ಅದು ಮೇಲಿನ ಸ್ಥಾಯಿಯ ಸಾಧಾರಣ ಗಾಂಧಾರ. ಪಂಚಮ ಇಲ್ಲ. ಒಂದೇ ಹಿಡಿಯಲ್ಲಿ ಎರಡೆರಡು ಗಾಂಧಾರ!

ಒಗ್ಗರಣೆ ಸೀದ ವಾಸನೆ ಬಂದದ್ದು ಆಮೇಲೆ.

ಈ ಹಿಡಿಗೆ ಇಂಗ್ಲಿಷ್ ಹೆಸರು ಇ ಸೆವೆನ್ ಶಾರ್ಪ್ ನೈನ್. ಗಿಟಾರ್ ಕಲಿಯುವ ಯಾವ ಹುಡುಗನೂ ಅಷ್ಟುದ್ದದ ಹೆಸರು ಹೇಳುವುದಿಲ್ಲ, ಹೆಂಡ್ರಿಕ್ಸ್ ಕಾರ್ಡ್ ಅಂದರೆ ಮುಗಿಯಿತು. 1942ರ ನವೆಂಬರಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿ, 1970ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಮನುಷ್ಯನಿಗೆ ಆಗ ಇಪ್ಪತ್ತೇಳು ವರ್ಷ. ಲಿಪಿ ನೋಡಿ ಸಂಗೀತ ಓದಲು ಬಾರದು. ಸೈನ್ಯದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುತ್ತಿದ್ದವನು, ಅಲ್ಲಿಂದ ಬಂದ ಮೇಲೆ ಲಿಟಲ್ ರಿಚರ್ಡ್, ಐಸ್ಲಿ ಸೋದರರಂಥವರ ಹಿಂದೆ ನಿಂತು ನುಡಿಸಿಕೊಂಡಿದ್ದ. 1966ರ ಸೆಪ್ಟೆಂಬರಿನಲ್ಲಿ ಚಾಸ್ ಚಾಂಡ್ಲರ್ ಎಂಬಾತ ಅವನನ್ನು ಲಂಡನ್ನಿಗೆ ಕರೆತಂದ. ಮೂರೇ ತಿಂಗಳಲ್ಲಿ, ಕ್ರಿಸ್‌ಮಸ್‌ನ ಮರುದಿನ, ಒಂದು ಕ್ಲಬ್ಬಿನ ಗ್ರೀನ್‌ರೂಮಿನಲ್ಲಿ ಅವನು 'ಪರ್ಪಲ್ ಹೇಜ್' ಹಾಡನ್ನು ಕಟ್ಟಿದ ಎಂದು ಚಾಂಡ್ಲರ್ ಹೇಳುತ್ತಿದ್ದ. 1967ರ ಮಾರ್ಚಿನಲ್ಲಿ ಅದು ಬ್ರಿಟನ್ನಿನಲ್ಲಿ ಹೊರಬಂತು. ಮೂರು ನಿಮಿಷವೂ ಇಲ್ಲದ ಹಾಡು.

ಹಾಡು ಶುರುವಾಗುವುದೇ ಷಡ್ಜಕ್ಕೆ ಎದುರಾಗಿ ಪ್ರತಿ ಮಧ್ಯಮವನ್ನು ಕುಟ್ಟುತ್ತ. ಬಾಗಿಲು ಬಡಿಯುವ ರೀತಿಯಲ್ಲೇ ಒಂದು ಒರಟುತನ. ಆಮೇಲೆ ಗಿಟಾರಿನ ಒಂದು ಓಡಾಟ, ಆಮೇಲೆ ಈ ಹಿಡಿ. ಅದಾದ ಮೇಲೆ ಜಿ, ಎ ಎಂಬ ಎರಡು ಸರಳ ಕಾರ್ಡುಗಳು, ಮತ್ತೆ ಮೊದಲಿನಿಂದ. ಇದರಲ್ಲೊಂದು ಸೊಗಸಿದೆ, ಹುಡುಗನಿಗೆ ಹತ್ತು ಸಲ ನುಡಿಸಲು ಹೇಳಿದ ಮೇಲೆ ನನಗೆ ಹೊಳೆದದ್ದು. ಕಿರುಬೆರಳು ಹಿಡಿದು ಜಗಳ ತೆಗೆದಿತ್ತಲ್ಲ, ಆ ಸ್ವರವೇ ಜಿ. ಮೊದಲನೇ ಕಾರ್ಡಿನಲ್ಲಿ ಯಾರಿಗೂ ಬೇಡದ ನೆಂಟನ ಹಾಗೆ ಮೂಲೆಯಲ್ಲಿ ನಿಂತಿದ್ದವನು ಮುಂದಿನ ಕಾರ್ಡಿಗೆ ಮನೆಯ ಯಜಮಾನ. ಹಾಗಾದರೆ ಅವನು ಜಗಳಕ್ಕೆ ಬಂದಿದ್ದನೋ, ಮುಂದಿನ ಮನೆಗೆ ದಾರಿ ತೋರಿಸಲು ಬಂದಿದ್ದನೋ?

ಈ ಕಾರ್ಡನ್ನು ಹೆಂಡ್ರಿಕ್ಸ್ ಹುಟ್ಟಿಸಿದ್ದೇನೂ ಅಲ್ಲ. ಜಾಜ್‌ನವರು ಅದನ್ನು ಮೊದಲಿನಿಂದ ಬಲ್ಲವರು. ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ' ತಟ್ಟೆಯಲ್ಲಿ 'ಆಲ್ ಬ್ಲೂಸ್' ಎಂಬ ರಚನೆ ಇದೆ, ಅಲ್ಲಿ ಇದೇ ಜಾತಿಯ ಕಾರ್ಡು ಒಮ್ಮೆ ತಲೆಯೆತ್ತಿ, ಅರ್ಧ ಸ್ವರ ಮೇಲೆ ಹೋಗಿ, ಮತ್ತೆ ಇಳಿದು ಮರೆಯಾಗುತ್ತದೆ. 1966ರಲ್ಲಿ ಬೀಟಲ್ಸ್‌ನವರ 'ಟ್ಯಾಕ್ಸ್‌ಮನ್' ಹಾಡಿನಲ್ಲಿ ಇದು ಚಾಟಿಯಂತೆ ಬೀಸುತ್ತದೆ. 1973ರಲ್ಲಿ ಪಿಂಕ್ ಫ್ಲಾಯ್ಡ್‌ನ 'ಬ್ರೀದ್' ಬಂತು. ಕೇಳಿದ ಗಿಟಾರಿಗರು ಇದೂ ಹೆಂಡ್ರಿಕ್ಸ್‌ನ ಬಳುವಳಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಕೀಬೋರ್ಡಿನ ರಿಕ್ ರೈಟ್ ಅದನ್ನು ಎತ್ತಿಕೊಂಡದ್ದು ಮೈಲ್ಸ್ ಡೇವಿಸ್‌ನ ಆ ತಟ್ಟೆಯಿಂದಲೇ ಎಂದು ತಾನೇ ಹೇಳಿಕೊಂಡಿದ್ದಾನೆ. ಅಂದಮೇಲೆ ಹೆಸರು ಒಬ್ಬನದಾದದ್ದು ಹೇಗೆ?

ನನಗೆ ತೋಚುವುದು ಹೀಗೆ. ಜಾಜ್ ಬಲ್ಲವರಿಗೆ ಇದು ಬಹುಪಾಲು ದಾರಿಯಲ್ಲಿ ಸಿಗುವ ಕಾರ್ಡು. ಬಿಗಿಯನ್ನು ಹೆಚ್ಚಿಸುವುದು, ಹೆಚ್ಚಿಸಿ ಒಂದು ಹದಕ್ಕೆ ತಂದ ಮೇಲೆ ಬೇರೊಂದು ಶಾಂತವಾದ ಕಾರ್ಡಿನಲ್ಲಿ ಇಳಿಸುವುದು, ಇಷ್ಟು ಅದರ ಕೆಲಸ. ನಮ್ಮ ಊರಿನ ಬಸ್‌ಸ್ಟ್ಯಾಂಡ್ ಇದ್ದ ಹಾಗೆ: ಎಲ್ಲರೂ ಬರುತ್ತಾರೆ, ಯಾರೂ ಉಳಿಯುವುದಿಲ್ಲ. ಹೆಂಡ್ರಿಕ್ಸ್ ಬಸ್‌ಸ್ಟ್ಯಾಂಡಿನಲ್ಲೇ ಬಿಡಾರ ಹೂಡಿದ. 'ಪರ್ಪಲ್ ಹೇಜ್' ಈ ಕಾರ್ಡಿಗೆ ಹೋಗುವುದಿಲ್ಲ, ಇದರಿಂದ ಹೊರಡುತ್ತದೆ, ಸುತ್ತಿ ಬಂದು ಇದರಲ್ಲೇ ಕಾಲು ಚಾಚುತ್ತದೆ. ಬಗೆಹರಿಯದ್ದನ್ನೇ ಮನೆ ಮಾಡಿಕೊಂಡ ಆ ಧೈರ್ಯಕ್ಕೆ ಅವನ ಹೆಸರು ಸಿಕ್ಕಿತೇನೋ. ಬ್ಲೂಸ್ ಹಾಡುತ್ತ ಬೆಳೆದವನಿಗೆ ಅದು ಧೈರ್ಯ ಅಂತಲೂ ಅನಿಸಿರಲಿಕ್ಕಿಲ್ಲ.

ಬ್ಲೂಸ್‌ನ ಮಾತು ಬಂತಲ್ಲ. ಅಮೆರಿಕದ ಕಪ್ಪು ಜನರ ಆ ಹಾಡಿಕೆಯಲ್ಲಿ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ. ಸಾಧಾರಣದಿಂದ ಅಂತರದ ಕಡೆಗೆ ಜಾರುತ್ತ, ನಡುವೆಯೇ ಎಲ್ಲೋ ಉಸಿರು ಬಿಡುತ್ತದೆ. ಗಂಟಲಿಗೆ ಅದು ಸುಲಭ. ಗಿಟಾರಿನ ತಂತಿಯನ್ನು ಅಡ್ಡಕ್ಕೆ ಎಳೆದರೂ ಸಿಗುತ್ತದೆ. ಆದರೆ ಪಿಯಾನೊ ಮುಂದೆ ಕೂತವನು ಏನು ಮಾಡಬೇಕು? ಎರಡು ಮಣೆಗಳ ನಡುವೆ ಮೂರನೆಯದಿಲ್ಲ. ಅವನು ಎರಡನ್ನೂ ಒಟ್ಟಿಗೆ ಒತ್ತುತ್ತಾನೆ, ಇಲ್ಲವೆ ಒಂದರಿಂದ ಇನ್ನೊಂದಕ್ಕೆ ಬೆರಳು ಜಾರಿಸುತ್ತಾನೆ. ಕಿವಿ ಮಿಕ್ಕದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಹೇಳಿದ್ದು ಒಂದೇ ಮಾತು: "ಗಮಕದ ಎರಡೂ ತುದಿ ಹಿಡ್ಕೊಂಡು ನಡುವಿಂದು ಬಿಟ್ಟಿದಾರೆ." ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು. ವೀಣೆಯಲ್ಲಿ ಮೆಟ್ಟಿನ ಮೇಲೆ ತಂತಿ ಎಳೆದಾಗ ನಾದ ನಡೆದುಹೋಗುವ ದಾರಿಯಿದೆ. ಆ ದಾರಿಯ ಈ ಊರನ್ನೂ ಆ ಊರನ್ನೂ ಒಂದೇ ಗಳಿಗೆಯಲ್ಲಿ ಕಂಡ ಹಾಗೆ ಈ ಕಾರ್ಡು.

ಸಂಜೆ ಕರೆಂಟ್ ಹೋಯಿತು. ಬೇಸಿಗೆಯ ಮಳೆ, ಗುಡುಗು, ಎಲ್ಲೋ ಟ್ರಾನ್ಸ್‌ಫಾರ್ಮರ್ ಪಟ್ಟೆಂದ ಸದ್ದು. ಹುಡುಗನ ಆಂಪ್ಲಿಫೈಯರ್ ಸತ್ತಿತು. ಅಮ್ಮನ ಎಲೆಕ್ಟ್ರಾನಿಕ್ ತಂಬೂರಿಯೂ, ದೇವರ ಮನೆ ಪಕ್ಕ ಸಂಜೆ ಹೊತ್ತು ತಾನೇ ಗುನುಗುತ್ತಿರುತ್ತದಲ್ಲ, ಅದೂ ಅರ್ಧ ಸ್ವರದಲ್ಲಿ ನಿಂತಿತು. ಮೇಣದ ಬತ್ತಿ ಹಚ್ಚಿ ಕೂತಿದ್ದಾಗ ಅವಳು ಎದ್ದು ರೂಮಿನಿಂದ ಹಳೇ ಸೀರೆಯ ಗವಸು ಹಾಕಿದ ನಿಜವಾದ ತಂಬೂರಿ ತಂದಳು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಹೊರಬರುವ ತಂಬೂರಿ. ಬಿರಡೆ ತಿರುಗಿಸಿ, ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ, ಕಿವಿಯಿಟ್ಟು, ಮತ್ತೆ ಸರಿಸಿ, ಐದು ಮನೆ ಶ್ರುತಿಗೆ ಕೂರಿಸಲು ಅರ್ಧ ಗಂಟೆ ಹಿಡಿಯಿತು. ಹುಡುಗ ಫೋನಿನ ಟ್ಯೂನರ್ ಹಿಡಿದುಕೊಂಡು ಹೋದ. ಅವಳು ಅದನ್ನು ಮಗ್ಗುಲಿಗೆ ಸರಿಸಿದಳು.

"ಈಗ ಅದನ್ನ ಈ ಶ್ರುತಿಗೆ ನುಡಿಸು."

ಅವನು ಕೈಯನ್ನು ಮೂರು ಫ್ರೆಟ್ ಮೇಲಕ್ಕೆ ತಂದ. ಹತ್ತು, ಒಂಬತ್ತು, ಹತ್ತು, ಹನ್ನೊಂದು. ಆಂಪ್ಲಿಫೈಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಅಂದರೆ ಪಿಸುಮಾತು. ತಂಬೂರಿಯ ಪಕ್ಕದಲ್ಲಿ ಅದು ನಾಚಿಕೊಂಡ ಹಾಗಿತ್ತು. ಆದರೆ ಬೆಳಗ್ಗೆ ಕೇಳದ್ದು ಆಗ ಕೇಳಿತು. ಬೆಳಗ್ಗೆ ಅವನು ಫಜ್ ಪೆಡಲ್ ಒತ್ತಿ ನುಡಿಸಿದ್ದ. ನಾದವನ್ನು ಹಾಗೆ ಒಡೆದಾಗ ಒಟ್ಟಿಗೆ ಮೊಳಗುವ ಸ್ವರಗಳು ಒಂದರೊಡನೊಂದು ಕೂಡಿ, ಕಳೆದು, ಯಾರೂ ಮೀಟದ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ಷಡ್ಜ ಪಂಚಮದಂಥ ಜೋಡಿಯಾದರೆ ಹುಟ್ಟುವ ಮಕ್ಕಳೂ ಮನೆಯವರ ಮುಖವನ್ನೇ ಹೊತ್ತಿರುತ್ತವೆ. ಎರಡು ಗಾಂಧಾರಗಳ ಮಕ್ಕಳು ಯಾರ ಮಾತೂ ಕೇಳುವುದಿಲ್ಲ. ಹೆಂಡ್ರಿಕ್ಸ್‌ನ ಗಿಟಾರಿನ ಗದ್ದಲದಲ್ಲಿ ಅರ್ಧ ಈ ಪುಂಡರದು. ಈಗ ಮೇಣದ ಬತ್ತಿಯ ಬೆಳಕಿನಲ್ಲಿ ಪುಂಡರೆಲ್ಲ ಮಲಗಿ, ನಾಲ್ಕು ಸ್ವರಗಳು ಮಾತ್ರ ಎದ್ದು ಕೂತಿದ್ದವು.

ಕೆಳಗಿನ ಗಾಂಧಾರಕ್ಕೂ ಮೇಲಿನ ಗಾಂಧಾರಕ್ಕೂ ನಡುವೆ ಹನ್ನೊಂದು ಮೆಟ್ಟಿಲು. ಹನ್ನೆರಡಾಗಿದ್ದರೆ ಅದೇ ಸ್ವರ, ಮೇಲಿನ ಸ್ಥಾಯಿಯಲ್ಲಿ. ಒಂದೇ ಒಂದು ಮೆಟ್ಟಿಲು ಕಡಿಮೆಯಾದ್ದರಿಂದ ಕಿವಿಗೆ ಅದೊಂದು ತುರಿಕೆ. ಎರಡನ್ನೂ ಪಕ್ಕಪಕ್ಕ ಒಂದೇ ಸ್ಥಾಯಿಯಲ್ಲಿ ಇಟ್ಟು ಮೀಟಿಸಿ ನೋಡಿದೆ, ಹಲ್ಲು ಜುಮ್ಮೆಂದಿತು. ನಡುವೆ ಜಾಗ ಬಿಟ್ಟು, ಅಲ್ಲೊಂದು ನಿಷಾದವನ್ನು ಪಂಚಾಯಿತಿಗೆ ಕೂರಿಸಿದ ಮೇಲೆ ಸಹ್ಯವಾಯಿತು. ಇಷ್ಟೂ ಏರ್ಪಾಡು ಗಿಟಾರಿನ ಶ್ರುತಿಯಿಂದಾಗಿ ಮೂರೇ ಫ್ರೆಟ್ಟಿನ ಒಳಗೆ, ನಾಲ್ಕು ಬೆರಳಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತುಬಿಡುತ್ತದೆ. ಕಲಿಯುವವರ ಕೈಯಿಂದ ಕೈಗೆ ಅದು ಹಬ್ಬಿದ್ದಕ್ಕೆ ಹಾಡಿನ ಕೀರ್ತಿಯಷ್ಟೇ ಈ ಅನುಕೂಲವೂ ಕಾರಣ ಇರಬೇಕು. ಲಿಪಿ ಓದಲು ಬಾರದವನಿಂದ ಲಿಪಿ ಓದಲು ಬಾರದವರಿಗೆ ಹೋದದ್ದು ಒಂದು ಕೈಯ ಆಕಾರ.

"ನಾಟ ಅಂತೀಯಾ?" ಎಂದು ಅಮ್ಮನನ್ನು ಕೇಳಿದೆ. ನಾಟದಲ್ಲಿ ಷಟ್‌ಶ್ರುತಿ ರಿಷಭವಿದೆ, ಅಂತರ ಗಾಂಧಾರವಿದೆ. ಷಟ್‌ಶ್ರುತಿ ರಿಷಭವೂ ಸಾಧಾರಣ ಗಾಂಧಾರವೂ ಇರುವುದು ಒಂದೇ ಸ್ಥಾನದಲ್ಲಿ, ಹೆಸರು ಮಾತ್ರ ಬೇರೆ. ತ್ಯಾಗರಾಜರ ಪಂಚರತ್ನದ ಮೊದಲ ಕೃತಿ ಇದೇ ರಾಗದಲ್ಲಿದೆ, ನಮ್ಮ ಕಚೇರಿಗಳ ಬಾಗಿಲು ತೆರೆಯುವುದೂ ಎಷ್ಟೋ ಸಲ ನಾಟದಿಂದಲೇ.

"ನಾಟ ಎಲ್ಲಿಂದ ಬಂತು? ನಾಟದ್ದು ಕಾಕಲಿ ನಿಷಾದ. ಇವನದು ಕೈಶಿಕಿ" ಎಂದು ಗದರಿದಳು. ಸ್ವಲ್ಪ ಹೊತ್ತು ಬಿಟ್ಟು, "ವಾಗಧೀಶ್ವರಿ ಅನ್ನು ಬೇಕಾದರೆ" ಅಂದಳು. ಮೂವತ್ತನಾಲ್ಕನೇ ಮೇಳ. ಹಿಂದೂಸ್ತಾನಿಯವರನ್ನು ಕೇಳಿದರೆ ಜೋಗ್ ಅನ್ನುತ್ತಾರೆ. ಅಲ್ಲಿ ಏರುವಾಗ ಶುದ್ಧ ಗಾಂಧಾರ, ಇಳಿಯುವಾಗ ಕೋಮಲ, ನಿಷಾದವೂ ಕೋಮಲ. ಹೆಂಡ್ರಿಕ್ಸ್‌ನ ನಾಲ್ಕು ಸ್ವರಗಳೂ ಅಲ್ಲಿ ಸಿಗುತ್ತವೆ, ಸರದಿಯಲ್ಲಿ ನಿಂತು ಒಂದಾದ ಮೇಲೊಂದು ಬರುತ್ತವೆ.

ಹೆಸರಿನ ಜಗಳ ಗಿಟಾರಿನವರಲ್ಲೂ ಇದೆ ಎಂದು ಹುಡುಗ ಹೇಳಿದ. ಪುಸ್ತಕದಲ್ಲಿ ಶಾರ್ಪ್ ನೈನ್ ಎಂದು ಬರೆಯುತ್ತಾರೆ, ಅಂದರೆ ರಿಷಭವನ್ನು ಏರಿಸಿದ್ದು. ಆ ಲೆಕ್ಕ ಹಿಡಿದರೆ ಸ್ವರದ ಹೆಸರು ಎಫ್ ಡಬಲ್ ಶಾರ್ಪ್ ಆಗಬೇಕು. ನುಡಿಸುವವರು ಯಾರೂ ಹಾಗನ್ನುವುದಿಲ್ಲ, ಜಿ ಅನ್ನುತ್ತಾರೆ. ಇನ್ನು ಕೆಲವರು ಅದು ಇಳಿಸಿದ ಗಾಂಧಾರವೇ, ಫ್ಲಾಟ್ ಟೆನ್ ಎಂದು ಬರೆಯಬೇಕು ಎಂದು ಹಟ ಹಿಡಿಯುತ್ತಾರೆ. ನನಗೆ ನಗು ಬಂತು. ಹನ್ನೆರಡು ಸ್ಥಾನಗಳಿಗೆ ಹದಿನಾರು ಹೆಸರಿಟ್ಟು, ಎಪ್ಪತ್ತೆರಡು ಮೇಳಗಳ ಲೆಕ್ಕ ಹಾಕಿ, ಅದರಲ್ಲಿ ನಲವತ್ತನ್ನು ವಿವಾದಿಯ ಬೇಲಿಯೊಳಗೆ ನಿಲ್ಲಿಸಿದ ಪರಂಪರೆ ನಮ್ಮದು. ಹದಿನೇಳನೇ ಶತಮಾನದಲ್ಲಿ ಆ ಲೆಕ್ಕ ಬರೆದ ವೆಂಕಟಮಖಿ ತಂಜಾವೂರಿನ ಆಸ್ಥಾನದಲ್ಲಿದ್ದರೂ ಕನ್ನಡ ಮೂಲದ ಮನೆತನದವನು, ಗೋವಿಂದ ದೀಕ್ಷಿತನ ಮಗ. ವಿವಾದಿ ರಾಗ ಹಾಡಿದರೆ ಕೇಡು ಎಂದು ಹೆದರಿಸುತ್ತಿದ್ದ ಕಾಲವೂ ಇತ್ತು. ಅಮ್ಮನ ಗುರುಗಳು ಪಾಠದ ಕೊನೆಗೆ ಮಧ್ಯಮಾವತಿ ನುಡಿಸಿಯೇ ಏಳುತ್ತಿದ್ದರಂತೆ, ದೋಷ ಕಳೆಯಲಿ ಎಂದು.

"ಸುಮ್ಮನಿರು, ಕೇಳು" ಎಂದು ಅಮ್ಮ ನನ್ನ ಭಾಷಣ ನಿಲ್ಲಿಸಿದಳು. ತಂಬೂರಿ ಮೀಟುತ್ತಲೇ ಇದ್ದಳು. ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ಮಂದ್ರದ ತಂತಿ ಮೊಳಗಿ, ಕ್ಷೀಣಿಸುವ ಹೊತ್ತಿಗೆ ಅದರೊಳಗಿನಿಂದ ಒಂದು ಗಾಂಧಾರ ಏಳುತ್ತದೆ. ಸಂಗೀತದ ಮನೆಯವರಿಗೆ ಇದು ಗೊತ್ತಿರುವ ಸಂಗತಿ. ಯಾರೂ ಮೀಟಿಲ್ಲ, ಆ ಸ್ವರಕ್ಕೆಂದು ತಂತಿಯೂ ಇಲ್ಲ. ಮೊಳಗುವ ತಂತಿ ಐದು ಪಾಲಾಗಿಯೂ ಕಂಪಿಸುವುದರಿಂದ ತಾನಾಗಿ ಹುಟ್ಟುವ ಅಂತರ ಗಾಂಧಾರ ಅದು. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಎದ್ದ ಗಳಿಗೆಯಲ್ಲಿ ಅಮ್ಮ ಕಂಠ ಕೂಡಿಸಿ, ಕೆಳಗಿನ ಸ್ಥಾಯಿಯಲ್ಲಿ, ಖರಹರಪ್ರಿಯದ ಗಾಂಧಾರ ಹಿಡಿದಳು. ಸಾಧಾರಣ ಗಾಂಧಾರ. ವಯಸ್ಸಿನ ನಡುಕ ಇತ್ತು, ಶ್ರುತಿ ಇತ್ತು.

ಎರಡೂ ಕೇಳಿದವು. ಮೇಲೆ ತಂಬೂರಿಯದು, ಕೆಳಗೆ ಅವಳದು.

ಇಷ್ಟು ವರ್ಷ ಎಷ್ಟು ಕಚೇರಿಗಳಲ್ಲಿ ಕೂತಿದ್ದೇನೆ. ಖರಹರಪ್ರಿಯ, ತೋಡಿ, ಕಾನಡ ಎಂದು ತಲೆದೂಗಿದ್ದೇನೆ. ಹಾಡುವವರು ಸಾಧಾರಣ ಗಾಂಧಾರದ ಮೇಲೆ ನಿಂತಾಗಲೆಲ್ಲ ಅವರ ಬೆನ್ನ ಹಿಂದೆ ತಂಬೂರಿ ಇನ್ನೊಂದು ಗಾಂಧಾರ ಗುನುಗುತ್ತಲೇ ಇತ್ತು. ಒಮ್ಮೆಯೂ ನನಗೆ ತೋರಲಿಲ್ಲ. ಸಿಯಾಟಲ್‌ನಲ್ಲಿ ಕಸದ ರಾಶಿಯೊಳಗೆ ಒಂದೇ ತಂತಿಯ ಉಕುಲೇಲೆ ಸಿಕ್ಕಿ ಅದರಲ್ಲೇ ಕೈ ಪಳಗಿಸಿಕೊಂಡ ಹುಡುಗನೊಬ್ಬ, ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದು, ಒಂದು ಕಿರುಬೆರಳು ಇಟ್ಟು ನನ್ನ ಮನೆಯ ತಂಬೂರಿಯನ್ನು ನನಗೆ ಕೇಳಿಸಿದ. ಅವನಿಗೆ ಇದಾವುದೂ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

1967ರ ಜೂನ್ 18, ಭಾನುವಾರ, ಕ್ಯಾಲಿಫೋರ್ನಿಯಾದ ಮಾಂಟೆರೇಯ ಸಂಗೀತೋತ್ಸವ. ಮಧ್ಯಾಹ್ನ ಅಲ್ಲಿಯ ವೇದಿಕೆಯಲ್ಲಿ ರವಿಶಂಕರ್ ಸಿತಾರ್ ನುಡಿಸಿದರು. ಹನ್ನೊಂದು ವರ್ಷ ಮೊದಲೇ, 'ಥ್ರೀ ರಾಗಾಸ್' ತಟ್ಟೆಯಲ್ಲಿ, ಅವರು ಜೋಗ್ ನುಡಿಸಿ ಎರಡು ಗಾಂಧಾರಗಳನ್ನೂ ಪಶ್ಚಿಮಕ್ಕೆ ಕೇಳಿಸಿದ್ದರು. ರಾತ್ರಿ ಅದೇ ವೇದಿಕೆಗೆ ಹೆಂಡ್ರಿಕ್ಸ್ ಬಂದ. 'ಪರ್ಪಲ್ ಹೇಜ್' ನುಡಿಸಿದ, ಅದರ ಮುಂದಿನ ಹಾಡಿನ ಕೊನೆಗೆ ಗಿಟಾರಿಗೆ ಬೆಂಕಿ ಇಟ್ಟ. ರವಿಶಂಕರ್ ಅದನ್ನು ಸಹಿಸಲಿಲ್ಲ. ವಾದ್ಯವನ್ನು ದೇವರೆಂದು ಕಾಣುವ ನಮಗೆ ಇದು ಆಗದ ಮಾತು ಎಂದು ಆಮೇಲೆ ಹಲವು ಸಲ ಹೇಳಿಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಸೀರೆಯ ಗವಸಿನಿಂದ ತಂಬೂರಿ ತೆಗೆದವಳ ಮಗ ನಾನು. ಆದರೂ ಆ ದಿನ ಒಂದೇ ಹಲಗೆಯ ಮೇಲೆ, ಕೆಲವೇ ಗಂಟೆಗಳ ಅಂತರದಲ್ಲಿ ಇಬ್ಬರೂ ಕೂತೆದ್ದರಲ್ಲ ಎಂದು ನೆನೆದಾಗ ಬೆಂಕಿಗಿಂತ ನನಗೆ ಅದೇ ಹೆಚ್ಚು ಕಾಡುತ್ತದೆ.

ಹುಡುಗ ಅಷ್ಟರಲ್ಲಿ ಹೊಸ ಆಟ ಹಿಡಿದಿದ್ದ. ಅಮ್ಮ ಮಂದ್ರ ಮೀಟಿದ ಕೂಡಲೇ ಅವನು ಕಿರುಬೆರಳಿನ ತಂತಿಯೊಂದನ್ನೇ ಮೀಟುವುದು. ಮೊದಲು ಸ್ವಲ್ಪ ತಡವಾಗುತ್ತಿತ್ತು, ಆಮೇಲೆ ಹದ ಸಿಕ್ಕಿತು. "ಇನ್ನೂ ಒಂದು ಚೂರು ಕೆಳಗೆ" ಎಂದಳು ಅಮ್ಮ. "ಫ್ರೆಟ್ ಇರೋದೇ ಇಲ್ಲಿ ಅಜ್ಜಿ, ಕೆಳಗೆ ಹೋಗಲ್ಲ" ಎಂದ. "ಹಾಗಾದರೆ ಕೆಳಗಿನ ಮನೆಯಲ್ಲಿ ಹಿಡಿದು ಎಳಿ" ಎಂದಳು. ಅವನು ಒಂದು ಫ್ರೆಟ್ ಹಿಂದೆ ಬಂದು, ತಂತಿಯನ್ನು ಅಡ್ಡಕ್ಕೆ ಎಳೆಯುತ್ತ, ಅವಳ ಮುಖ ನೋಡುತ್ತ, ಅವಳು ಕಣ್ಣು ಮುಚ್ಚಿದ ಜಾಗದಲ್ಲಿ ನಿಲ್ಲಿಸಿದ.

ಕರೆಂಟ್ ಬಂತು. ಫ್ಯಾನು ತಿರುಗಿತು, ಫ್ರಿಜ್ಜು ಕೆಮ್ಮಿತು, ಆಂಪ್ಲಿಫೈಯರ್ ಗುಂಯ್ ಎಂದಿತು. ದೇವರ ಮನೆಯ ಪಕ್ಕ ಸ್ವಿಚ್ ಆರಿಸದೆ ಬಿಟ್ಟಿದ್ದ ಎಲೆಕ್ಟ್ರಾನಿಕ್ ತಂಬೂರಿಯೂ ಶುರುವಾಯಿತು. ಮಳೆಯ ಥಂಡಿಗೆ ಮರದ ತಂಬೂರಿ ಕೊಂಚ ಇಳಿದಿತ್ತೋ ಏನೋ, ಎರಡು ಷಡ್ಜಗಳೂ ಕೂಡಲಿಲ್ಲ, ನಡುವೆ ನಿಧಾನವಾಗಿ ಒಂದು ಅಲೆ ತೂಗತೊಡಗಿತು. ಆರಿಸಲೆಂದು ನಾನು ಎದ್ದೆ.

"ಇರಲಿ ಬಿಡು," ಎಂದಳು ಅಮ್ಮ, ಬಿರಡೆಯ ಮೇಲೆ ಕೈಯಿಟ್ಟುಕೊಂಡು. ತಿರುಗಿಸಲಿಲ್ಲ.